ಟೀಚರ್ ಆಟ

ಮಂಡಕ್ಕಿ ಭಟ್ಟಿಯ ಹೊಗೆ ಬೆಳಿಗ್ಗೆ ಎಂಟಕ್ಕೇ ಬಂದು
ನಮ್ಮ ಅಂಗನವಾಡಿಯ ಕಿಟಕಿಯಲ್ಲಿ ಕೂತಿರುತ್ತದೆ,
ಎಲ್ಲರಿಗಿಂತ ಮೊದಲು ಹಾಜರಿ ಹಾಕಿಸಿಕೊಳ್ಳುವ ಮಗುವಿನ ಹಾಗೆ.
ಗೋಡೆಯ ಮೇಲೆ ಬರೆಸಿದ ಗಿಳಿ ಈಗ ಅರ್ಧ ಕಾಗೆ.

ಹದಿನೇಳು ವರ್ಷ.
ತೂಕ, ಎತ್ತರ, ಮೊಟ್ಟೆಯ ಲೆಕ್ಕ,
ಅಪ್‌ಲೋಡ್ ಆಗದೆ ಸುತ್ತುತ್ತಲೇ ಇರುವ ಫೋಟೊ.
ಮಂಡಿಪೇಟೆಯ ಸೀರೆ ಅಂಗಡಿಯಿಂದ ಕರೆ ಬಂದಿತ್ತು:
ಬಿಲ್ಲು ಬರೆಯುವ ಕೆಲಸ, ಫ್ಯಾನಿನ ಕೆಳಗೆ ಕುರ್ಚಿ.
ಒಂದನೇ ತಾರೀಖಿಗೆ ಬರುತ್ತೇನೆ ಅಂದಿದ್ದೆ.

ಅವತ್ತು ಬೇಳೆ ಬೇಯುವ ಹೊತ್ತು
ಹಿತ್ತಲಲ್ಲಿ ಮಕ್ಕಳದು ಟೀಚರ್ ಆಟ.
ಭಟ್ಟಿಯಲ್ಲಿ ಹುರಿಯುವ ಖಾದರ್‌ಸಾಬರ ಮೊಮ್ಮಗಳು ಮುಬೀನಾ,
ಸೇರಿ ನಾಲ್ಕು ತಿಂಗಳಾದರೂ ತುಟಿ ಬಿಚ್ಚದವಳು,
ಟವೆಲ್ಲನ್ನೇ ಸೆರಗು ಮಾಡಿಕೊಂಡು
ನಾನಾಗಿದ್ದಳು.

ಕೈಯಲ್ಲಿ ಹೆಂಚಿನ ಚೂರು. ಅದು ನನ್ನ ಫೋನು.
ಒತ್ತಿದಳು, ಹುಬ್ಬು ಗಂಟಿಕ್ಕಿದಳು, ಮತ್ತೆ ಒತ್ತಿದಳು.
ತಿಪ್ಪೇಶಿ ‘ಟೀಚರ್, ಉಚ್ಚೆ’ ಅಂತ ಮೂರು ಸಲ ಕೂಗಿದರೂ
ತಲೆ ಎತ್ತಲಿಲ್ಲ.
ಬಾಗಿಲ ಹಿಂದೆ ನಿಂತ ನನ್ನ ಕೈಯಲ್ಲಿ
ಸೌಟು ಭಾರವಾಯಿತು.

ಆಮೇಲೆ ಚೂರನ್ನು ಸೊಂಟಕ್ಕೆ ಸಿಕ್ಕಿಸಿ,
ತಡವಾಗಿ ಬಂದ ಒಬ್ಬನ ಸಿಂಬಳವನ್ನು
ಸೆರಗಿನ ತುದಿಯಿಂದ ಒರೆಸಿ,
‘ಬಂದ್ಯಾ ನನ್ನಪ್ಪಾ, ನಿನ್ನೇ ಕಾಯ್ತಿದ್ದೆ’ ಅಂದಳು.

ಅವಳ ದನಿ ಕೇಳಿದ್ದು ಅದೇ ಮೊದಲು.
ಮಾತು ಮಾತ್ರ ನನ್ನದು.
ದಿನಾ ಹಾಗನ್ನುತ್ತೇನೆಂದು
ನನಗೇ ಗೊತ್ತಿರಲಿಲ್ಲ.

ಬೇಳೆ ತಳ ಹಿಡಿದ ವಾಸನೆ.
ಅಂಗಡಿಯ ಸಾಹುಕಾರರಿಗೆ ಏನು ಹೇಳಲಿ
ಎಂದು ಯೋಚಿಸುತ್ತಲೇ
ತಿಪ್ಪೇಶಿಯ ಒದ್ದೆ ಚಡ್ಡಿ ಬಿಚ್ಚಿದೆ.