ಒಂದು ಕುಳಿ, ಎರಡು ಗೋಲಿ

ಸದ್ದು ಮೊದಲು ಕೇಳಿದ್ದು ನನಗೇ.
ಪೊನ್ನಂಪೇಟೆಯ ನೀಲಿ ಟರ್ಫಿನ ಮೇಲೆ
ಬೆಳಗ್ಗೆ ಏಳೂಕಾಲಿಗೆ
ಒದ್ದೆ ಬಟ್ಟೆ ಹಿಂಡಿದಂಥ ಒಂದು ಸಣ್ಣ ಸದ್ದು
ಉತ್ತಯ್ಯನ ಎಡಮಂಡಿಯ ಒಳಗಿಂದ.
ಚೆಂಡು ಹೋಗಿ ಹಲಗೆಗೆ ಬಡಿದದ್ದು ಆಮೇಲೆ.

ಎಲ್ಲರೂ ಅವನ ಕಡೆ ಓಡಿದರು.
ನಾನೂ ಓಡಿದೆ.
ಆದರೆ ಇದನ್ನು ಎಲ್ಲಾದರೂ ಒಂದು ಕಡೆ ಬರೆದಿಡಬೇಕು:
ಓಡುವ ಮೊದಲು ನಾನು
ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡೆ.

ನಾಲ್ಕು ಸೀಸನ್ ಬೆಂಚು.
ಉಳಿದ ಹತ್ತು ಜಾಗಕ್ಕೆ ಅದಲುಬದಲು ಉಂಟು,
ಏದುಸಿರಿನವನು ಬರುತ್ತಾನೆ, ಇನ್ನೊಬ್ಬ ಹೋಗುತ್ತಾನೆ.
ಗೋಲಿಗೆ ಆ ಭಾಗ್ಯವಿಲ್ಲ.
ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ
ಚಡ್ಡಿ ಮಣ್ಣು ಮಾಡಿಕೊಂಡು ಆಡುತ್ತಿದ್ದೆವಲ್ಲ, ಹಾಗೆಯೇ:
ಕುಳಿಯಲ್ಲಿ ಕೂತದ್ದನ್ನು ಹೊಡೆದೆಬ್ಬಿಸದೆ
ಇನ್ನೊಂದು ಕೂರುವಂತಿಲ್ಲ.
ನಾನು ಹೊಡೆಯಲಿಲ್ಲ.
ಎರಡು ವರ್ಷದಿಂದ ಅವನು
ಬಸ್ಸಿನ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದ.
ನೋಡಿದ್ದೆ. ಯಾರಿಗೂ ಹೇಳಿರಲಿಲ್ಲ.
ಅದನ್ನು ಗೆಳೆತನ ಅಂದುಕೊಂಡಿದ್ದೆ.

ಮೈಸೂರಿನ ಡಾಕ್ಟರು ಒಂಬತ್ತು ತಿಂಗಳು ಅಂದರು.
ಅದೇ ಸಂಜೆ ಏಜೆಂಟಿನ ಫೋನು: ನಿನ್ನ ಟೈಮ್ ಬಂತು ಮಾರಾಯ.
ಮೂರನೇ ದಿನ ಮತ್ತೆ ಅವನೇ:
ಕ್ಲಬ್ಬಿನವರು ಹಾಲೆಂಡಿನವನೊಬ್ಬನ ಹತ್ತಿರ ಮಾತಾಡ್ತಿದ್ದಾರಂತೆ,
ಆರಡಿ ಐದಿಂಚಂತೆ, ಸಹಿ ಇನ್ನೂ ಆಗಿಲ್ಲವಂತೆ,
ಕ್ಯಾಂಪಿನಲ್ಲಿ ತೋರಿಸು.

ತೋರಿಸಿದೆ. ದಿನಕ್ಕೆ ನೂರಿಪ್ಪತ್ತು ಫ್ಲಿಕ್ಕು.
ಹನ್ನೆರಡನೇ ದಿನ ಅಮ್ಮತ್ತಿಯ ಹುಡುಗ ಹೊಡೆದದ್ದು
ಕೋಲು ಹಿಡಿದ ಬಲಗೈಗವಸಿನ ಅಂಚಿಗೆ ನುಗ್ಗಿ
ಉಂಗುರದ ಬೆರಳನ್ನು
ಪ್ರಶ್ನೆಚಿಹ್ನೆ ಮಾಡಿಬಿಟ್ಟಿತು.
ಗೋಲು ಆಗಲಿಲ್ಲ.
ಕೋಚು ಚಪ್ಪಾಳೆ ತಟ್ಟಿದರು, ನಾನು ತಲೆ ಆಡಿಸಿದೆ,
ಗವಸು ಬಿಚ್ಚಿದ್ದು ರೂಮಿಗೆ ಹೋದ ಮೇಲೆ, ಲೈಟು ಹಾಕದೆ.

ಕೈಲ್‌ಪೊಳ್ದ್ ದಿನ ಉತ್ತಯ್ಯನ ಮನೆಗೆ ಕರೆದಿದ್ದರು.
ಕೋವಿಗಳ ಸಾಲಿನಲ್ಲಿ, ಒಡಿಕತ್ತಿಯ ಪಕ್ಕಕ್ಕೆ
ಅವನ ಪ್ಯಾಡು, ಗಂಧ ಹಚ್ಚಿ, ತೋಕ್‌ಪೂ ಸಿಕ್ಕಿಸಿ.
ಅಷ್ಟೆಲ್ಲ ಊದುಬತ್ತಿಯ ನಡುವೆಯೂ
ಹಳೇ ಬೆವರು ನಾರುತ್ತಿತ್ತು.
ದೇಚಮ್ಮ ಊಟದ ಮೇಜಿಗೇ ಕರಾರು ತಂದಳು,
ಹದಿಮೂರನೇ ಪುಟ ಮಡಚಿಟ್ಟಿದ್ದಳು.
ಎಂಟು ವಾರ ದಾಟಿದರೆ ಅರ್ಧ ದುಡ್ಡು,
ಹದಿನಾರು ದಾಟಿದರೆ
ಉಭಯ ಪಕ್ಷಗಳ ಸಮ್ಮತಿಯ ಮೇರೆಗೆ ಮುಕ್ತಾಯ.
‘ಉಭಯ ಪಕ್ಷ ಅಂದರೆ ಯಾರ್ಯಾರು?’ ಅಂದಳು.
ಒಬ್ಬರೂ ಬಾಯಿ ಬಿಡಲಿಲ್ಲ.
ಕಡಂಬುಟ್ಟಿನ ತಟ್ಟೆ ನನ್ನ ಕಡೆ ತಳ್ಳಿದಳು.
ನಾನು ಮೂರು ತಿಂದೆ, ಪಂದಿಕರಿ ಇನ್ನೊಂದು ಸೌಟು,
ಹಸಿವು ಅಂಥದ್ದು, ನಾಚಿಕೆ ಇಲ್ಲದ್ದು.

ಕೈ ತೊಳೆಯುವಲ್ಲಿ ಉತ್ತಯ್ಯ ಊರುಗೋಲು ಒರಗಿಸಿ ನಿಂತ.
ನಲ್ಲಿ ತಿರುಗಿಸಿದ್ದು ನಾನು, ಎಡಗೈಯಲ್ಲಿ.
ಸ್ವಲ್ಪ ಹೊತ್ತು ನೀರು ಸುಮ್ಮನೆ ಹರಿಯಿತು.
‘ಯಾವ ಬೆರಳು?’ ಅಂದ.
ತೋರಿಸಿದೆ.
ಮುಟ್ಟಲಿಲ್ಲ ಅವನು. ಬಗ್ಗಿ ನೋಡಿ,
‘ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತು, ಕಪ್ಪು ಟೇಪು ಬೇಡ.
ಕಾಫಿ ಎಡಗೈಯಲ್ಲಿ ಕುಡಿಯೋದು ಈಗಲೇ ರೂಢಿ ಮಾಡ್ಕೋ.
ಫಿಸಿಯೋ ಆಟ ನೋಡೋದಿಲ್ಲ, ಲೋಟ ನೋಡ್ತಾನೆ.’
ಒಳಗೆ ಹೋಗುವಾಗ ತಿರುಗದೆಯೇ ಹೇಳಿದ:
‘ನೀನು ಮೆಟ್ಟಿಲು ನೋಡಿದ ಹಾಗೆ.’

ಇವತ್ತು ಬೆಳಗ್ಗೆ
ಮಳೆ ಸುರಿಯುತ್ತಿದ್ದರೂ ಟರ್ಫಿಗೆ ನೀರು ಬಿಟ್ಟರು, ನಿಯಮವಂತೆ.
ಹಾಲೆಂಡಿನಿಂದ ಸುದ್ದಿಯಿಲ್ಲ.
ಉತ್ತಯ್ಯನ ಹೆಸರಿದ್ದ ಕಪಾಟಿನ ಚೀಟಿ ಅರ್ಧ ಕಿತ್ತು ಬಂದಿದೆ,
ಪೂರ್ತಿ ಕೀಳುವ ಕೆಲಸ ಯಾರದೆಂದು ಗೊತ್ತಾಗುತ್ತಿಲ್ಲ.
ಮೂರನೆಯ ಗೋಲಿ, ಕುಟ್ಟದ ಕಡೆಯ ಹುಡುಗ ನಂಜಪ್ಪ,
ಹತ್ತೊಂಬತ್ತು ತುಂಬಿಲ್ಲ, ಮಾತು ಕಡಿಮೆ,
ಎರಡು ಲೋಟ ಹಿಡಿದು ಬರುತ್ತಾನೆ.
ಅಣ್ಣಾ ಕಾಫಿ, ಅನ್ನುತ್ತಾನೆ.
ನನ್ನ ಬಲಗೈಯ ಕಡೆಗೇ ಚಾಚಿ
ನಿಂತುಕೊಳ್ಳುತ್ತಾನೆ.