ಪಾತ್ರೆ

ನಲವತ್ತನೆಯ ವರ್ಷದ ಸ್ಮರಣ ಸಂಚಿಕೆಯೇ? ಬರೆದುಕೊಳ್ಳಿ,
ಆದರೆ ಮೊದಲ ಸಾಲಿನಲ್ಲೇ ತಪ್ಪಿದ್ದೀರಿ.
ಇದನ್ನು ಶುರುಮಾಡಿದ್ದು ಸಂಸ್ಕೃತಿ ಇಲಾಖೆಯಲ್ಲ,
ಮುರಿದ ಒಂದು ಗೇರ್‌ಬಾಕ್ಸು.

ಪ್ರಾಗಿನ ಗೊಂಬೆಯಾಟದವರ ಲಾರಿ
ನಮ್ಮ ಮೀನುಡಬ್ಬಿ ಕಾರ್ಖಾನೆಯ ಎದುರೇ
ಹಟ ಹಿಡಿದ ಕತ್ತೆಯ ಹಾಗೆ ಕೂತುಬಿಟ್ಟಿತು.
ಬಿಡಿಭಾಗ ಲಿಸ್ಬನ್ನಿನಿಂದ ಬರಬೇಕು. ಹನ್ನೊಂದು ದಿನ.
ಐದು ಜನ ಮನುಷ್ಯರು, ಅರವತ್ತು ಗೊಂಬೆ.
ಪುಣ್ಯಕ್ಕೆ ಗೊಂಬೆಗಳಿಗೆ ಹಸಿವಿಲ್ಲ.

ನಾನಾಗ ಸಾರ್ಡೀನಿನ ತಲೆ ಕತ್ತರಿಸುತ್ತಿದ್ದೆ, ದಿನಕ್ಕೆ ನಾಲ್ಕು ಸಾವಿರ.
ಅಮ್ಮನ ತಾಮ್ರದ ಪಾತ್ರೆಯಲ್ಲಿ ಸಾರು ಕುದಿಸಿ ಒಯ್ದೆ.
ಭಾಷೆ ತಿಳಿಯದು. ಓಲ್ಡ್ರಿಖ್ ಎಂಬ ಉದ್ದ ಮೂಗಿನವನು
ತನ್ನ ಜೇಬು ಒಳಹೊರಗು ಮಾಡಿ ತೋರಿಸಿದ,
ಆಮೇಲೆ ಒಂದು ಗೊಂಬೆಯ ಜೇಬನ್ನೂ.

ಸಾಲ ತೀರಿಸಲು ಆಡಿದರು.
ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತೆವು,
ಮೊಣಕೈತನಕ ಹುರುಪೆ ಮಿನುಗುವ ಮೂವತ್ತೆರಡು ಹೆಂಗಸರು
ಮತ್ತು ಮೇಸ್ತ್ರಿ ಅಡೆಲಿನು.
ರಾಜ ಸತ್ತಾಗ ಅತ್ತವನು ಅವನೊಬ್ಬನೇ.

ಲಾರಿ ಹೋಯಿತು. ಜೊತೆಗೆ ನನ್ನ ಪಾತ್ರೆಯೂ.
ಶಾಪ ಹಾಕಿದೆ, ಸುಳ್ಳೇಕೆ?

ಮರುವರ್ಷ ಜುಲೈಯಲ್ಲಿ ಪಾತ್ರೆ ಕೊಡಲು ಬಂದರು.
ಖಾಲಿ ಪಾತ್ರೆ ಹಿಂತಿರುಗಿಸಬಾರದೆಂದು
ಒಬ್ಬ ಪಿಟೀಲಿನವನನ್ನೂ
ಪ್ಯಾರಿಸ್ಸಿನಲ್ಲಿ ಸಿಕ್ಕ ಮಾಲಿ ದೇಶದ ಡೋಲಿನ ಅಣ್ಣತಮ್ಮಂದಿರನ್ನೂ ಕರೆತಂದರು.
ಹೋಗುವಾಗ ತಮ್ಮದೇನೋ ಮರೆತರು, ನಮ್ಮದೇನೋ ಒಯ್ದರು.
ಆ ಲೆಕ್ಕ ಇವತ್ತಿಗೂ ಚುಕ್ತಾ ಆಗಿಲ್ಲ.
ನೀವು ಅದನ್ನು ಅಂತರರಾಷ್ಟ್ರೀಯ ಅನ್ನುತ್ತೀರಿ.

ಕಾರ್ಖಾನೆ ಮುಚ್ಚಿತು. ಕೆಂಪು ಕುರ್ಚಿ ಬಂದವು,
ಭಾಷಣ ಬಂದವು, ನನ್ನ ವಾರದ ಕೂಲಿಯಷ್ಟು ಟಿಕೆಟು ಬಂತು.
ಗೋಡೆಗೆ ಐದು ಸಲ ಸುಣ್ಣ ಹೊಡೆದರು,
ಮಳೆ ಬಿದ್ದರೆ ಈಗಲೂ ಮೂರನೆಯ ಸಾಲು ಮೀನು ನಾರುತ್ತದೆ.
ಸಿಯೋಲಿನ ನರ್ತಕಿಯೊಬ್ಬಳು ಕುಣಿತದ ನಡುವೆ ನಿಂತಳು,
ಮೂಸಿದಳು, ನಕ್ಕಳು.
ಆ ವರ್ಷ ಅಷ್ಟು ಚಪ್ಪಾಳೆ ಬೇರೆ ಯಾವುದಕ್ಕೂ ಬೀಳಲಿಲ್ಲ.

ರೋಗದ ವರ್ಷ ಯಾರೂ ಬರಲಿಲ್ಲ.
ಅಂಚೆಯಲ್ಲಿ ಒಂದು ಪೊಟ್ಟಣ, ಓಲ್ಡ್ರಿಖನ ಮಗಳಿಂದ:
ಮರದ ಒಂದು ಕೈ, ಮೊಣಕೈತನಕ.
ಚೀಟಿ ಇರಲಿಲ್ಲ.
ಬಿಚ್ಚಿ ಬಹಳ ಹೊತ್ತು ಹಿಡಿದುಕೊಂಡು ಕೂತೆ.

ಫೋಟೋ ಬೇಡ.
ನಾನು ಯಾವ ಪಾತ್ರವನ್ನೂ ಮಾಡಿದವಳಲ್ಲ,
ನನ್ನದು ಪಾತ್ರೆ ಮಾತ್ರ. ಅದೂ ಈಗ ತೂತು.
ಹೆಸರು ಸರಿಯಾಗಿ ಹಾಕಿ: ಜುಲ್ಮಿರಾ.

ಅಯ್ಯೋ, ಕೊಡೆ ಬಿಟ್ಟು ಹೊರಟಿರಲ್ಲ.
ಇರಲಿ ಬಿಡಿ. ಇಲ್ಲೇ ಇರಲಿ.