ಎರಡು ಮೂಲೆ

ಚೌಕ ಹಲಗೆಯಲ್ಲಿ ಕಮಾನು ಕೊಯ್ದರೆ
ಮೇಲೆ ಎರಡು ಮೂಲೆ ಉಳಿಯುತ್ತವೆ.
ಬಿಲ್ಲಿನಲ್ಲಿ ಅವಕ್ಕೆ ಬೆಲೆಯಿಲ್ಲ.

ಸಿತ್ರಾದ ನಮ್ಮ ವರ್ಕ್‌ಶಾಪಿಗೆ ಬರುವವರಿಗೆಲ್ಲ
ಈ ವರ್ಷ ಕಮಾನೇ ಬೇಕು:
ಅಡುಗೆಮನೆಯ ಕಪಾಟಿಗೆ, ಚಪ್ಪಲಿ ಗೂಡಿಗೆ,
ಒಬ್ಬನಿಗಂತೂ ಫ್ರಿಜ್ಜಿಗೂ.
ಕ್ಯಾಟಲಾಗಿನಲ್ಲಿ ನಂಬರಿದೆ, ನಾಲ್ಕು ನೂರಾ ಹನ್ನೆರಡು.
ಅಳತೆ ಹಾಕಿದರೆ ಯಂತ್ರ ಕೊಯ್ದು ಕೊಡುತ್ತದೆ,
ನಾವು ಧೂಳು ಕೊಡವುತ್ತೇವೆ.

ಮುಹರ್ರಕ್‌ನ ಉಮ್ ಗಾನಿಮ್ ಮಾತ್ರ
ನಾಲ್ಕು ನೂರಾ ಹನ್ನೆರಡನ್ನು ಎರಡು ಸಲ ವಾಪಸು ಕಳಿಸಿದಳು.
‘ಇದು ಅರ್ಧ ತಟ್ಟೆ’ ಎಂದಳು ಮುದುಕಿ,
‘ನಾನು ಕೇಳಿದ್ದು ಬಾಗಿಲು.’

ಆಮೇಲೆ ಒಂದು ಮನೆಯ ಕಥೆ. ಅರ್ಧ ಅರ್ಥವಾಯಿತು.
ಹವಳಗಲ್ಲಿನ ಗೋಡೆ, ಸುಣ್ಣ,
ಗೋಡೆಯೊಳಗೇ ಬಿಟ್ಟ ರೋಜ್ನಾ,
ನಮ್ಮ ಮಾಡದ ಹಾಗೆ; ಆದರೆ ದೀಪದ ಬದಲು
ಅಜ್ಜಿಯ ಕಾಫಿಯ ದಲ್ಲಾ, ಊದಿನ ಡಬ್ಬಿ,
ಮುತ್ತು ಜರಡಿ ಹಿಡಿಯುವ ಹಿತ್ತಾಳೆ ಬಟ್ಟಲು ಮೂರು.
ಆ ಮನೆ ಇದ್ದಲ್ಲಿ ಈಗ ಕಾರು ನಿಲ್ಲುತ್ತವೆ.
ಫೋಟೋ ಇಲ್ಲ.

‘ಮತ್ತೆ ಅಳತೆ?’ ಎಂದೆ, ಮೊಳೆ ಬಾಯಲ್ಲಿಟ್ಟುಕೊಂಡೇ.
ಗೋಡೆಗೆ ಎದುರು ನಿಂತು ಕೈ ಎತ್ತಿದಳು:
ದಲ್ಲಾಕ್ಕೆ ತುದಿಗಾಲಲ್ಲಿ ಚಾಚುವ ಹುಡುಗಿ.
ಎಡದಲ್ಲಿ ನಿಧಾನ ಏರಿ, ನೆತ್ತಿಯ ಮೇಲೆ ಒಂದು ಗಳಿಗೆ ನಿಂತು,
ಬಲಕ್ಕೆ ಇಳಿಯುವಾಗ ತುಸು ಅವಸರ,
ಯಾರೋ ಕರೆದ ಹಾಗೆ.
ಪೆನ್ಸಿಲು ಹಿಡಿದು ಅವಳ ಬೆರಳಿನ ಹಿಂದೆ ಹಿಂದೆ ಹೋದೆ,
ತೋಳಿಗೆ ತಾಗದಂತೆ.
ಹೊಸ ಪೇಂಟಿನ ಮೇಲೆ ಗೀರು.
ಸೊಸೆ ಇಂಗ್ಲಿಷಿನಲ್ಲಿ ಅಯ್ಯೋ ಎಂದಳು.

ಎಡ ಹೆಗಲು ಎತ್ತರ, ಬಲದ್ದು ಒಂದೂವರೆ ಬೆರಳು ತಗ್ಗು.
ಮೊಳೆ ಹೊಡೆದು ದಾರ ಕಟ್ಟಿ ಕೇಂದ್ರ ಹುಡುಕಿದೆ:
ಕೇಂದ್ರವೇ ಇಲ್ಲ ಆ ಕಮಾನಿಗೆ.
ಯಂತ್ರ ಸಂಖ್ಯೆ ಕೇಳಿತು, ನನ್ನಲ್ಲಿರಲಿಲ್ಲ.
ಕೈಗರಗಸ ತೆಗೆದೆ.
ಬಾಗಿಲು ಹೇಗೋ ಬಂತು; ಚೌಕಟ್ಟಿನ ಪಟ್ಟಿ ಮಾತ್ರ ಹಟ ಹಿಡಿಯಿತು.
ಬೆನ್ನಿಗೆ ಒತ್ತೊತ್ತಾಗಿ ಗೀರು ಕೊಟ್ಟರೆ ಮರ ಬಾಗುತ್ತದೆ,
ಒಂದು ನೂಲು ಆಳವಾದರೆ ಮುರಿಯುತ್ತದೆ.
ಎರಡು ಮುರಿದವು.
ಅಂಟು ಕಲಸುತ್ತ ಮೊಫಿಜುಲ್ ನಕ್ಕ:
ಓರೆ ಕೆಲಸಕ್ಕೆ ಓವರ್‌ಟೈಮು ಉಂಟಾ ಆಚಾರಿ?

ತಿರುಗಣಿ ಬಾಗಿದ ಕಡೆ ಕೂರುವುದಿಲ್ಲ.
ಕೆಳಗೆ, ಇನ್ನೂ ನೆಟ್ಟಗಿರುವಲ್ಲೇ ಕೂರಿಸಬೇಕು.
ಭಾರವೆಲ್ಲ ಅಲ್ಲಿ.

ತೆರೆದಳು. ಮುಚ್ಚಿದಳು. ಇನ್ನೊಮ್ಮೆ ತೆರೆದು
ಖಾಲಿ ಹಲಗೆಯ ಮೇಲೆ ಕೈಯಾಡಿಸಿದಳು.
ಚೆನ್ನಾಗಿದೆ ಅನ್ನಲಿಲ್ಲ.
ನೀರು ಕುಡಿ, ಜಾರಿ, ಎಂದಳು.
ಆಚಾರಿ ಅವಳ ಬಾಯಲ್ಲಿ ಅಷ್ಟೇ ಉಳಿದದ್ದು.
ಅವಳ ಭಾಷೆಯಲ್ಲಿ ಅದಕ್ಕೆ ನನ್ನ ನೆರೆಯವನೇ ಎಂದರ್ಥ.
ಹೆಸರು ತಪ್ಪಿದಳೋ, ತಿಳಿದೇ ಕರೆದಳೋ, ಕೇಳಲಿಲ್ಲ.
ನಮ್ಮಲ್ಲಿ ಜಾರಿ ಅಂದರೆ
ಮುಂದಿನ ಮಾತು ಬಿದ್ದೆ.

ಉಳಿದ ಎರಡು ಮೂಲೆಗಳನ್ನು
ಕಂಕುಳಲ್ಲಿ ಇರುಕಿಕೊಂಡು ರೂಮಿಗೆ ತಂದೆ.
ಆರು ಜನರ ರೂಮು, ನನ್ನದು ಮೇಲಿನ ಮಂಚ.
ತಲೆದೆಸೆಯ ಸರಳಿಗೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ
ತಂತಿಯಲ್ಲಿ ಬಿಗಿದೆ.
ನಡುವೆ ಅದೇ ಕಮಾನು, ಗಾಳಿಯದು,
ಒಂದು ಹೆಗಲು ತಗ್ಗು.
ಅದರಲ್ಲಿ ಸದ್ಯಕ್ಕೆ ಕನ್ನಡಕ, ಚಾರ್ಜರು, ಬಾಮಿನ ಡಬ್ಬಿ.

ಕೆಳಗಿನ ಮಂಚದಿಂದ ಮೊಫಿಜುಲ್ ಕತ್ತೆತ್ತಿ ನೋಡಿದ:
ಬಾಗಿಲು ಯಾವಾಗ ಹಾಕ್ತಿ?